ಹನ್ನೊಂದು ಜ್ಞಾಪಕಗಳಿದ್ದೂ ಮರೆತುಹೋಗುವ ಪ್ರೀತಿ

ಪ್ರಶ್ನೆ: ನನಗೆ 46 ವರ್ಷ. ಚಿಕ್ಕಂದಿನಿಂದಲೂ ಸಭೆಗೆ ಹೋಗುವವಳು. ದಿನವಿಡೀ ದೇವರ ನೆನಪಿನಲ್ಲಿರಬೇಕು ಅಂತ ಏನೇನೋ ಮಾಡಿಕೊಂಡಿದ್ದೇನೆ. ಬೆಳಿಗ್ಗೆ 5:30, ಮಧ್ಯಾಹ್ನ 12, ರಾತ್ರಿ 9ಕ್ಕೆ ಪ್ರಾರ್ಥನೆಯ ಅಲಾರಂ. ಕನ್ನಡಿ, ಫ್ರಿಜ್ಜು, ಮುಂಬಾಗಿಲು ಮೂರರ ಮೇಲೂ ವಚನದ ಚೀಟಿ. ಫೋನಿನ ಪರದೆಯ ಮೇಲೆ ಶಿಲುಬೆ, ದಿನಕ್ಕೊಂದು ವಚನ ಕಳಿಸುವ ಆ್ಯಪ್, ಎರಡು ವಾಟ್ಸ್ಆ್ಯಪ್ ಗುಂಪು. ಜೊತೆಗೆ ನೀರು ಕುಡಿ, ಎದ್ದು ನಡೆ ಅನ್ನುವ ಕೈಗಡಿಯಾರ. ಇಷ್ಟಿದ್ದೂ ಹಾಸಿಗೆ ಹಿಡಿದಿರುವ ಅತ್ತೆಯ ಮೇಲೆ ದಿನಾ ರೇಗುತ್ತೇನೆ, ಆಮೇಲೆ ಅಳುತ್ತೇನೆ. ಶುಕ್ರವಾರ ಉಪವಾಸ ಮಾಡಿ ರಾತ್ರಿ ಎರಡರಷ್ಟು ತಿನ್ನುತ್ತೇನೆ. ಫೋನಿನಲ್ಲಿ ಪ್ರಸಂಗ ಕೇಳುತ್ತಾ ಮಲಗುವ ಹೊತ್ತಿಗೆ 12:30. ಶುಗರ್ ಗಡಿಯಲ್ಲಿದೆ, ನಡೆಯಿರಿ ಎಂದು ಡಾಕ್ಟರ್ ಹೇಳಿ ನಾಲ್ಕು ತಿಂಗಳಾಯಿತು. ಯಾವ ಶಿಸ್ತು ಶುರುಮಾಡಿದರೂ ಎಂಟೊಂಬತ್ತು ದಿನಕ್ಕೆ ಬಿಟ್ಟುಹೋಗುತ್ತದೆ. ನನ್ನ ವಿಶ್ವಾಸದಲ್ಲೇ ದೋಷವಿದೆಯೇ?

ಉತ್ತರ: ನಿಮ್ಮ ಪತ್ರ ಓದುತ್ತಾ ಪೆನ್ಸಿಲ್ ಹಿಡಿದು ಎಣಿಸಿದೆ. ಮೂರು ಅಲಾರಂ, ಮೂರು ಚೀಟಿ, ಪರದೆಯ ಶಿಲುಬೆ, ಆ್ಯಪ್, ಎರಡು ಗುಂಪು, ಗಡಿಯಾರ. ಒಟ್ಟು ಹನ್ನೊಂದು. ದೋಷ ಇರುವುದು ವಿಶ್ವಾಸದಲ್ಲಲ್ಲ, ಈ ಹನ್ನೊಂದರಲ್ಲಿ. ಅವು ನಿಮ್ಮನ್ನು ಕರೆಯುತ್ತವೆ, ಕರೆದು ಸುಮ್ಮನಾಗುತ್ತವೆ. ಏನು ಮಾಡಬೇಕು ಅಂತ ಒಂದೂ ಹೇಳುವುದಿಲ್ಲ. ಹೇಳುವುದೊಂದು ಗಡಿಯಾರ ಮಾತ್ರ, ಅದರ ಮಾತು ನೀವು ಕೇಳುತ್ತಿಲ್ಲ.

ನನ್ನದೇ ಒಂದು ಪೇಚು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಮಧ್ಯಾಹ್ನ ಮೂರಕ್ಕೆ 'ಕೃತಜ್ಞತೆ' ಅಂತ ಅಲಾರಂ ಇಟ್ಟುಕೊಂಡಿದ್ದೆ. ಒಂದು ದಿನ ಮಗನ ಅಂಕಪಟ್ಟಿ ಹಿಡಿದು ಅವನನ್ನು ಬೈಯುತ್ತಿದ್ದಾಗ ಅದು ಹೊಡೆದುಕೊಂಡಿತು. ನೋಡದೆಯೇ ಹೆಬ್ಬೆರಳಿನಿಂದ ಆರಿಸಿ ಬೈಗುಳ ಮುಂದುವರಿಸಿದೆ. ಅವನು ತಲೆ ತಗ್ಗಿಸಿಕೊಂಡೇ, "ಅಪ್ಪಾ, ನಿಮ್ಮ ಕೃತಜ್ಞತೆ ಬಂದು ಹೋಯ್ತು" ಅಂದ. ಇಪ್ಪತ್ತು ವರ್ಷದಿಂದ ಆಪ್ತಸಮಾಲೋಚನೆ ಮಾಡುತ್ತಿರುವವನ ಕಥೆ ಇದು. ದಿನಾ ಅದೇ ಸದ್ದು, ಅದೇ ಚೀಟಿ ಎದುರಾದರೆ ಮೆದುಳು ಅದನ್ನು ಗೋಡೆಯ ಬಣ್ಣದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಅದು ಪಾಪವಲ್ಲ, ಮೆದುಳಿನ ಮಿತವ್ಯಯ. ನಿಮ್ಮ ಕನ್ನಡಿಯ ಮೇಲಿರುವ ವಚನ ಯಾವುದು ಅಂತ ಈ ಕ್ಷಣ ಎದ್ದು ನೋಡದೆ ಹೇಳಬಲ್ಲಿರಾ?

ಕನ್ನಡಿ ಅಂದಾಗ ಯಾಕೋಬನ ಪತ್ರಿಕೆ ನೆನಪಾಗುತ್ತದೆ. ವಾಕ್ಯವನ್ನು ಕೇಳಿ ಅದರಂತೆ ನಡೆಯದವನು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಆಚೆ ಹೋದ ಕೂಡಲೇ ತಾನು ಹೇಗಿದ್ದೆ ಎಂಬುದನ್ನೇ ಮರೆಯುವವನ ಹಾಗೆ ಎನ್ನುತ್ತಾನೆ ಯಾಕೋಬ. ಹೆಚ್ಚು ಹೊತ್ತು ನೋಡು, ಇನ್ನೊಂದು ಕನ್ನಡಿ ತೂಗುಹಾಕು ಅಂತ ಅವನು ಹೇಳುವುದಿಲ್ಲ. ಮಾಡು ಅನ್ನುತ್ತಾನೆ, ಅಷ್ಟೆ.

ಬೈಬಲಿನಲ್ಲಿ ನೆನಪು ಎಂಬ ಪದ ನಡೆದುಕೊಳ್ಳುವ ರೀತಿಯೇ ಬೇರೆ. ಹೀಬ್ರೂವಿನಲ್ಲಿ ಅದು 'ಜಾಖರ್'. ಆದಿಕಾಂಡದ ಎಂಟನೆಯ ಅಧ್ಯಾಯದಲ್ಲಿ ದೇವರು ನೋಹನನ್ನು ನೆನಪು ಮಾಡಿಕೊಂಡನು ಎಂದಿದೆ. ಅಲ್ಲಿಯವರೆಗೆ ಮರೆತಿದ್ದನೇ? ಅಲ್ಲ. ಅದೇ ವಾಕ್ಯದ ಮುಂದಿನ ಅರ್ಧದಲ್ಲಿ ಗಾಳಿ ಬೀಸುತ್ತದೆ, ನೀರು ತಗ್ಗತೊಡಗುತ್ತದೆ. ರಾಹೇಲಳನ್ನು ನೆನಪು ಮಾಡಿಕೊಂಡನು, ಅವಳು ಗರ್ಭಿಣಿಯಾದಳು. ಇನ್ನೊಂದು ಕಡೆ ಫರೋಹನ ಪಾನದಾಯಕ ಸೆರೆಮನೆಯಿಂದ ಬಿಡುಗಡೆಯಾಗಿ ಯೋಸೇಫನನ್ನು ಮರೆತ. ಪೂರಾ ಎರಡು ವರ್ಷ ಯೋಸೇಫ ಅಲ್ಲೇ ಕೊಳೆತ. ಪಾನದಾಯಕನಿಗೆ ಆ ಹೆಸರು ಒಮ್ಮೆಯೂ ತಲೆಗೆ ಬಂದಿರಲಿಕ್ಕಿಲ್ಲವೇ? ಬಂದಿರಬಹುದು. ಬಾಯಿಗೆ ಬರಲಿಲ್ಲ, ಬೈಬಲಿನ ಲೆಕ್ಕದಲ್ಲಿ ಅದು ಮರೆವೇ. ಕೈಕಾಲಿಗೆ ಇಳಿಯದ ನೆನಪನ್ನು ಆ ಪುಸ್ತಕ ನೆನಪು ಎಂದು ಕರೆಯುವುದೇ ಅಪರೂಪ.

ಈ ಕಣ್ಣಿನಿಂದ ಅಲ್ಲಿನ ಜ್ಞಾಪಕಗಳನ್ನು ನೋಡಿ. ಯೊರ್ದನ್ ಹೊಳೆ ದಾಟಿದಾಗ ಹೊಳೆಯ ನಡುವಿನಿಂದ ಹನ್ನೆರಡು ಕಲ್ಲು ಹೊತ್ತು ತರಬೇಕು, ಕುಲಕ್ಕೊಬ್ಬನಂತೆ, ಹೆಗಲ ಮೇಲೆ. ಯಾಕೆ? ಮುಂದೆ ಮಕ್ಕಳು "ಈ ಕಲ್ಲು ಯಾತಕ್ಕೆ?" ಎಂದು ಕೇಳಲಿ ಅಂತ. ಕಲ್ಲು ತಾನಾಗಿ ಉಪದೇಶ ಮಾಡುವುದಿಲ್ಲ, ಮಾತಿಗೆ ನೆವವಾಗುತ್ತದೆ. ಬಟ್ಟೆಯ ಅಂಚಿನ ಗೊಂಡೆಯಲ್ಲಿ ಒಂದು ನೀಲಿ ದಾರ ಇರಬೇಕು, ಅದನ್ನು ನೋಡಿ ಆಜ್ಞೆಗಳನ್ನು ನೆನಪಿಗೆ ತಂದುಕೊಂಡು ಅವುಗಳಂತೆ ನಡೆಯಬೇಕು ಎಂದು ಅರಣ್ಯಕಾಂಡ ಹೇಳುತ್ತದೆ. ನೋಡು, ನೆನಪಿಸಿಕೋ, ನಡೆ, ಮೂರೂ ಒಂದೇ ಉಸಿರಿನಲ್ಲಿ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ವಚನವನ್ನು ಬಾಗಿಲ ನಿಲುವುಗಳ ಮೇಲೆ ಬರೆಯಬೇಕು ಅನ್ನುತ್ತದೆ, ನಿಜ. ನಿಮ್ಮ ಚೀಟಿಗಳಿಗೆ ಅಲ್ಲಿಂದಲೇ ಅಪ್ಪಣೆ ಸಿಕ್ಕಿದೆ. ಆದರೆ ಅದಕ್ಕೂ ಮುಂಚೆ ಅಲ್ಲಿ ನಾಲ್ಕು ಹೊತ್ತುಗಳಿವೆ: ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಮಾಡುವ ಕೆಲಸಕ್ಕೆ ವಚನವನ್ನು ಕಟ್ಟಿದ ಮೇಲೆ ಗೋಡೆ, ಬಾಗಿಲು. ನಾವು ಬಾಗಿಲಿನಿಂದ ಶುರುಮಾಡಿ ಅಲ್ಲೇ ನಿಂತಿದ್ದೇವೆ. ಹಣೆಗೂ ತೋಳಿಗೂ ಕಟ್ಟಿಕೊಳ್ಳುವ ವಚನದ ಜ್ಞಾಪಕಪಟ್ಟಿಗಳನ್ನೇ ಅಗಲ ಮಾಡಿಕೊಂಡು ಮೆರೆಯುವವರ ಬಗ್ಗೆ ಯೇಸುಸ್ವಾಮಿ ಏನಂದರು ಎಂಬುದು ಮತ್ತಾಯನ 23ನೆಯ ಅಧ್ಯಾಯದಲ್ಲಿದೆ. ಅದು ನಿಮಗೆ ಹೇಳಿದ್ದಲ್ಲ, ನೀವು ಮೆರೆಯುತ್ತಿಲ್ಲ. ಆದರೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು, ನಾನೂ ಓದಿಕೊಳ್ಳುತ್ತೇನೆ.

ಸತ್ಯವೇದದಲ್ಲಿ ಅಲಾರಂ ಅಂದರೆ ನನಗೆ ನೆನಪಾಗುವುದು ಒಂದು ಕೋಳಿ. ಅದು ಕೂಗಿದಾಗ ಶಿಷ್ಯ ಪೇತ್ರ, ಯೇಸುವನ್ನು ನಾನರಿಯೆ ಎಂದು ಮೂರನೆಯ ಸಲ ಸುಳ್ಳು ಹೇಳಿ ಮುಗಿಸಿದ್ದ. ಕೋಳಿ ಕೂಗಿತು, ಕರ್ತನು ತಿರುಗಿ ಅವನನ್ನು ನೋಡಿದನು, ಆಗ ಪೇತ್ರನಿಗೆ ಆತ ಮೊದಲೇ ಎಚ್ಚರಿಸಿದ್ದ ಮಾತು ನೆನಪಾಯಿತು ಎಂದು ಲೂಕ ಬರೆಯುತ್ತಾನೆ. ಕೂಗಿಗೂ ಕಣ್ಣೀರಿಗೂ ನಡುವೆ ಒಂದು ನೋಟವಿದೆ. ನಿಮ್ಮ ಅಲಾರಂಗಳಲ್ಲಿ ಇಲ್ಲದಿರುವುದು ಆ ನೋಟ.

ಈಗ ದಿನದ ವಚನಕ್ಕೆ ಬರೋಣ. ಇದು ಫೋನಿನ ಕಾಲದ ಆವಿಷ್ಕಾರ ಅಂತ ಅನೇಕರು ತಿಳಿದಿದ್ದಾರೆ. ಸುಮಾರು ಮುನ್ನೂರು ವರ್ಷದ ಹಳೆಯ ರೂಢಿ ಇದು. ಜರ್ಮನಿಯ ಹೆರ್ನ್‌ಹೂಟ್ ಎಂಬ ಪುಟ್ಟ ಊರಿನಲ್ಲಿ ವಿಶ್ವಾಸದ ಕಾರಣಕ್ಕೆ ಮೊರಾವಿಯ ಪ್ರಾಂತ್ಯ ಬಿಟ್ಟು ಬಂದ ನಿರಾಶ್ರಿತರು ನೆಲೆಸಿದ್ದರು. 1728ರ ಮೇ ತಿಂಗಳಲ್ಲಿ ಅವರ ಮುಖಂಡ ಜಿನ್ಜೆನ್‌ಡಾರ್ಫ್ ಒಂದು ಸಂಜೆ ಮರುದಿನಕ್ಕೆಂದು ಒಂದು ಸಾಲು ಕೊಟ್ಟ. ಅಂದಿನಿಂದ ಅದು ದಿನಚರಿಯಾಯಿತು, 1731ರಿಂದ ವರ್ಷಕ್ಕೊಂದು ಪುಸ್ತಕವಾಗಿ ಅಚ್ಚಾಗುತ್ತಾ ಇಂದಿಗೂ ನಿಂತಿಲ್ಲ. ನನಗೆ ಮುಖ್ಯ ಅನ್ನಿಸುವುದು ಅಚ್ಚಾಗುವ ಮುಂಚಿನ ಆ ಮೂರು ವರ್ಷ. ಬೆಳಗಾದರೆ ಸಭೆಯ ಒಬ್ಬ ಸಹೋದರ ಆ ಸಾಲನ್ನು ಬಾಯಲ್ಲಿ ಹೊತ್ತು ಮನೆಮನೆಗೆ ಹೋಗುತ್ತಿದ್ದ. ವಚನ ಹೇಳುವುದರ ಜೊತೆಗೆ ಮನೆಯವರ ಯೋಗಕ್ಷೇಮ ವಿಚಾರಿಸುತ್ತಿದ್ದ. ಯಾರಿಗೆ ಜ್ವರ, ಯಾರ ಮನಸ್ಸು ಕೆಟ್ಟಿದೆ ಎಂಬುದು ಅವನಿಗೆ ತಿಳಿಯುತ್ತಿತ್ತು. ವಚನ ಒಳಗೆ ಹೋಗುತ್ತಿತ್ತು, ಸುದ್ದಿ ಹೊರಗೆ ಬರುತ್ತಿತ್ತು. ನಿಮ್ಮ ಎರಡು ಗುಂಪುಗಳಲ್ಲಿ ಬೆಳಿಗ್ಗೆ ಎದ್ದರೆ ಸೂರ್ಯೋದಯದ ಚಿತ್ರದ ಮೇಲೆ ವಚನ ಬರುತ್ತದೆ. ಆ ಎರಡು ಗುಂಪಿನಲ್ಲಿ ಎಷ್ಟು ಜನಕ್ಕೆ ನಿಮ್ಮ ಅತ್ತೆ ಹಾಸಿಗೆ ಹಿಡಿದಿರುವುದು ಗೊತ್ತು?

ಚಿತ್ರದ ಮೇಲೆ ಕತ್ತರಿಸಿ ಅಂಟಿಸಿದ ವಚನಕ್ಕೆ ಇನ್ನೊಂದು ತೊಂದರೆ. ನಿಮಗಾಗಿ ನಾನು ಮಾಡಿಕೊಂಡಿರುವ ಆಲೋಚನೆ ಹಿತದ್ದೇ, ನಿಮಗೆ ನಿರೀಕ್ಷೆ ಇರುವಂತೆ ಮಾಡುವೆನು ಎಂಬ ಯೆರೆಮೀಯನ 29:11 ಎಷ್ಟು ಸಲ ಬಂದಿರುತ್ತದೋ ಲೆಕ್ಕವಿಲ್ಲ. ಅದರ ಹಿಂದಿನ ವಚನವನ್ನು ಯಾರೂ ಕಳಿಸುವುದಿಲ್ಲ: ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ. ಸೆರೆಹೋದವರಿಗೆ ಬರೆದ ಪತ್ರ ಅದು. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಮುಂಚೆಯೇ ಹೇಳಿ ಆಮೇಲೆ ಬಂದ ಮಾತು. ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ನಿಮ್ಮಂಥವರಿಗೆ ಆ ಎಪ್ಪತ್ತು ವರ್ಷ ಸೇರಿದ ವಚನವೇ ಹೆಚ್ಚು ಆಸರೆ ಅಂತ ನನ್ನ ಅನಿಸಿಕೆ. ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಫಿಲಿಪ್ಪಿಯವರ ಪತ್ರದ ಮಾತೂ ಹಾಗೆಯೇ. ಪೌಲ ಬೇಡಿ ಹಾಕಿಸಿಕೊಂಡಿದ್ದಾಗ ಬರೆದದ್ದು. ಗೆಲ್ಲುವ ಶಕ್ತಿಯ ಬಗ್ಗೆ ಅಲ್ಲ, ಹಸಿದಿರುವುದಕ್ಕೂ ಹೊಟ್ಟೆ ತುಂಬಿರುವುದಕ್ಕೂ ಒಗ್ಗಿಕೊಳ್ಳುವ ಶಕ್ತಿಯ ಬಗ್ಗೆ.

ಆದ್ದರಿಂದ ಮೊದಲ ಕೆಲಸ: ಆ್ಯಪ್ ಒಂದನ್ನು ಇಟ್ಟುಕೊಂಡು ಗುಂಪುಗಳ ಸದ್ದು ಆರಿಸಿ. ದಿನಕ್ಕೊಂದೇ ವಚನ, ಅದರ ಹಿಂದೆ ಮುಂದೆ ಹತ್ತು ಸಾಲು ಸತ್ಯವೇದ ತೆರೆದು ಓದಿ. ವಚನ ಬಿಟ್ಟುಹೋದರೆ ಎಂಬ ಭಯ ಬೇಡ. ಅರಣ್ಯದಲ್ಲಿ ದೇವರು ದಿನದಿನಕ್ಕೆ ಕೊಟ್ಟ ಮನ್ನ ಎಂಬ ಆಹಾರವನ್ನು ಹೆಚ್ಚಾಗಿ ಕೂಡಿಟ್ಟವರ ಪಾತ್ರೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳ ಬಿದ್ದಿತ್ತು.

ಓದಿದ ವಚನವನ್ನು ಏನು ಮಾಡುವುದು? ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಬರೆದದ್ದು ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್, 1535ರಲ್ಲಿ, ತನ್ನ ಕ್ಷೌರಿಕನಿಗೆ. ಪೇಟರ್ ಎಂಬ ಆ ಕ್ಷೌರಿಕ ಪ್ರಾರ್ಥಿಸುವುದು ಹೇಗೆ ಎಂದು ಕೇಳಿದ್ದ. ಲೂಥರ್ ದೇವಶಾಸ್ತ್ರದ ಪಾಠ ಬಿಟ್ಟು ಅವನ ಕಸುಬಿನಿಂದಲೇ ಉದಾಹರಣೆ ಎತ್ತಿದ: ಒಳ್ಳೆಯ ಕ್ಷೌರಿಕ ಕತ್ತಿಯ ಮೇಲೂ ಕೂದಲಿನ ಮೇಲೂ ಕಣ್ಣಿಟ್ಟು, ಎಲ್ಲಿಯವರೆಗೆ ಬಂದೆ ಎಂಬುದನ್ನು ಮರೆಯದೆ ಕೆಲಸ ಮಾಡುತ್ತಾನೆ. ಹರಟೆಗೆ ಬಿದ್ದರೆ ಗಿರಾಕಿಯ ಮೂಗೋ ಗಂಟಲೋ ಹೋದೀತು. ಇಷ್ಟು ಸಣ್ಣ ಕೆಲಸಕ್ಕೇ ಗಮನ ಬೇಕಾದರೆ ಪ್ರಾರ್ಥನೆಗೆ ಬೇಡವೇ? ಆಮೇಲೆ ಒಂದು ಉಪಾಯ ಹೇಳಿಕೊಟ್ಟ, ನಾಲ್ಕು ಎಳೆಯ ಹಾರ. ಒಂದು ಆಜ್ಞೆ ತೆಗೆದುಕೊಂಡು ನಾಲ್ಕು ಸಲ ತಿರುಗಿಸುವುದು. ಇದು ನನಗೆ ಏನು ಕಲಿಸುತ್ತದೆ? ಯಾವುದಕ್ಕೆ ಸ್ತೋತ್ರ ಹೇಳಲಿ? ಯಾವುದನ್ನು ಒಪ್ಪಿಕೊಳ್ಳಲಿ? ಏನು ಬೇಡಲಿ? ಇದನ್ನೇ ನಿಮ್ಮ ದಿನದ ವಚನಕ್ಕೆ ಮಾಡಿ. ಮೂರು ನಿಮಿಷ ಸಾಕು. ನಾಲ್ಕೂ ಎಳೆ ಸಿಗದಿದ್ದರೆ ಒಂದೇ ಎಳೆಯಾಗಲಿ. ಅದೇ ಪತ್ರದಲ್ಲಿ ಅವನು ಎಚ್ಚರಿಸುವ ಒಂದು ಮಾತು ನಿಮಗೂ ಗುರುತಿರಬಹುದು: "ಸ್ವಲ್ಪ ತಡಿ, ಇನ್ನೊಂದು ಗಂಟೆಗೆ ಪ್ರಾರ್ಥಿಸುತ್ತೇನೆ, ಮೊದಲು ಇದೊಂದು ಮುಗಿಸಿಬಿಡುತ್ತೇನೆ" ಎನ್ನುವ ಯೋಚನೆ. ಸ್ನೂಜ್ ಗುಂಡಿ ಹುಟ್ಟುವ ನಾಲ್ಕು ಶತಮಾನ ಮುಂಚೆಯೇ ಸ್ನೂಜ್ ಇತ್ತು.

ಅಲಾರಂ ಬದಲು ಏನು ಎಂಬುದಕ್ಕೂ ಹಳಬರಲ್ಲೇ ಉತ್ತರವಿದೆ. ಮೂರನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ತನ್ನ ಕಾಲದ ಕ್ರೈಸ್ತರು ಎಲ್ಲೆಲ್ಲಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು ಎಂದು ಪಟ್ಟಿ ಕೊಡುತ್ತಾನೆ: ಒಳಗೆ ಬರುವಾಗ, ಹೊರಗೆ ಹೋಗುವಾಗ, ಚಪ್ಪಲಿ ಮೆಟ್ಟುವಾಗ, ಸ್ನಾನಕ್ಕೆ, ಊಟಕ್ಕೆ, ದೀಪ ಹಚ್ಚುವಾಗ. ಅದಕ್ಕೂ ಹಿಂದೆ, ದಿದಾಖೆ ಎಂಬ ಆದಿಸಭೆಯ ಕೈಪಿಡಿ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ ಎಂದಿತ್ತು. ಗಡಿಯಾರ ಇಲ್ಲದವರು ಹೇಗಿದ್ದರೂ ಮಾಡುವ ಕೆಲಸಗಳಿಗೇ ಪ್ರಾರ್ಥನೆಯನ್ನು ಗಂಟು ಹಾಕಿಬಿಟ್ಟಿದ್ದರು. ಚಪ್ಪಲಿಯನ್ನು ಸ್ನೂಜ್ ಮಾಡಲಾಗುವುದಿಲ್ಲ. ಶಿಲುಬೆಯ ಗುರುತು ನಿಮ್ಮ ಸಭೆಯ ರೂಢಿಯಲ್ಲಿಲ್ಲದಿದ್ದರೆ ಒಂದು ಮಾತು ಸಾಕು, "ಕರ್ತನೇ, ಜೊತೆಗಿರು."

ಇಂದಿನ ಮನಶ್ಶಾಸ್ತ್ರ ಇದನ್ನೇ ಬೇರೆ ಹೆಸರಿನಲ್ಲಿ ಹೇಳುತ್ತದೆ. 'ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ' ಎಂದು ಮೊದಲೇ ತೀರ್ಮಾನಿಸಿಕೊಂಡವರು, ಬರೀ 'ಮಾಡಬೇಕು' ಅಂದುಕೊಂಡವರಿಗಿಂತ ಹೆಚ್ಚು ಸಲ ಮಾಡಿ ತೋರಿಸುತ್ತಾರೆ. ನಿಮ್ಮ 'ಎಂಟೊಂಬತ್ತು ದಿನ'ದ ಬಗ್ಗೆಯೂ ಒಂದು ಸಮಾಧಾನದ ಸಂಗತಿ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಹನ್ನೆರಡು ವಾರ ಗಮನಿಸಿದರು. ಪ್ರತಿಯೊಬ್ಬರೂ ದಿನದ ಒಂದು ನಿಗದಿತ ಸಂದರ್ಭಕ್ಕೆ ಒಂದು ಹೊಸ ಚಿಕ್ಕ ಕೆಲಸ ಜೋಡಿಸಿಕೊಂಡಿದ್ದರು. ಅದು ಯೋಚಿಸದೆ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರ ಅಂದಾಜು 254ರವರೆಗೂ ಹೋಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಒಂಬತ್ತನೆಯ ದಿನ ನೀವು ಸೋಲುತ್ತಿಲ್ಲ, ಇನ್ನೂ ದಾರಿಯ ಆರಂಭದಲ್ಲಿದ್ದೀರಿ. ಹತ್ತನೆಯ ದಿನ ಬಿಟ್ಟು ಹನ್ನೊಂದಕ್ಕೆ ಎತ್ತಿಕೊಂಡರೆ ಅದು ಮುರಿದ ಶಿಸ್ತಲ್ಲ, ನಡೆಯುತ್ತಿರುವ ಶಿಸ್ತು. ಸತ್ಯವೇದದ ಪ್ರಲಾಪಗಳ ಪುಸ್ತಕದಲ್ಲಿ ಕರುಣೆ ದಿನದಿನವೂ ಹೊಸದಾಗಿ ಒದಗುತ್ತದೆ ಎಂದಿರುವುದು ಯೆರೂಸಲೇಮ್ ಪಟ್ಟಣ ಸುಟ್ಟುಹೋದ ಮೇಲೆ.

ಇನ್ನು ಅತ್ತೆಯ ವಿಷಯ. ಪತ್ರದ ನಿಜವಾದ ಪ್ರಶ್ನೆ ಅದೇ, ಮಿಕ್ಕಿದ್ದೆಲ್ಲ ಅದರ ಸುತ್ತ ಕಟ್ಟಿದ ಬೇಲಿ.

'ಮನೆಗೆ ಮಾರಿ ಊರಿಗೆ ಉಪಕಾರಿ' ಎಂಬ ಗಾದೆ ಸಭೆಗಳಲ್ಲಿ ಬಹಳ ಜನರನ್ನು ಚುಚ್ಚುತ್ತದೆ. ಸಭಾಪಾಲಕರ ಮನೆಗಳೂ ಹೊರತಲ್ಲ. ಹೊರಗಿನವರ ಮೇಲಿನ ಪ್ರೀತಿಗೆ ಅರ್ಧ ಗಂಟೆ ಸಾಕು. ಹಾಸಿಗೆ ಹಿಡಿದವರ ಮೇಲಿನ ಪ್ರೀತಿ ಮಧ್ಯರಾತ್ರಿ ಎರಡಕ್ಕೆ ಹಾಸಿಗೆ ಬದಲಾಯಿಸಬೇಕು, ಒಂದೇ ಪ್ರಶ್ನೆಗೆ ಏಳನೆಯ ಸಲ ಉತ್ತರ ಹೇಳಬೇಕು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೆಯ ಅಧ್ಯಾಯ ನಿಮ್ಮ ಫ್ರಿಜ್ಜಿನ ಮೇಲೆ ಇದ್ದರೂ ಇರಬಹುದು. ಪ್ರೀತಿಯು ಬಹು ತಾಳ್ಮೆಯುಳ್ಳದ್ದು, ದಯೆಯುಳ್ಳದ್ದು ಎಂದು ನಾವು ಓದುತ್ತೇವೆ. ಅದು ಗುಣಗಳ ಪಟ್ಟಿಯಂತೆ ಕೇಳುತ್ತದೆ, ಪ್ರೀತಿಯ ಭಾವಚಿತ್ರದಂತೆ. ಮೂಲದ ಗ್ರೀಕಿನಲ್ಲಿ ಅವೆಲ್ಲ ಕ್ರಿಯಾಪದಗಳು. ಪ್ರೀತಿ ತಾಳಿಕೊಳ್ಳುತ್ತದೆ, ದಯೆ ತೋರಿಸುತ್ತದೆ, ಹೊಟ್ಟೆಕಿಚ್ಚು ಪಡುವುದಿಲ್ಲ, ಹೊಗಳಿಕೊಳ್ಳುವುದಿಲ್ಲ. ಒಟ್ಟು ಹದಿನೈದು ಕ್ರಿಯೆಗಳು. ಪೌಲ ಪ್ರೀತಿ ಹೇಗಿರುತ್ತದೆ ಅಂತ ಹೇಳುತ್ತಿಲ್ಲ, ಏನೇನು ಮಾಡುತ್ತದೆ, ಏನೇನು ಮಾಡದೆ ತಡೆದುಕೊಳ್ಳುತ್ತದೆ ಅಂತ ಎಣಿಸುತ್ತಿದ್ದಾನೆ. ನಿಮಗೆ ಅತ್ತೆಯ ಮೇಲೆ ಅಕ್ಕರೆ ಉಕ್ಕುತ್ತಿಲ್ಲವೇ? ಉಕ್ಕದಿದ್ದರೂ ಈ ಹದಿನೈದರಲ್ಲಿ ಒಂದನ್ನು ಇಂದು ಮಾಡಬಹುದು.

ಹೇಗೆ ಅಂದರೆ, ಅವರ ಕೋಣೆಯ ಬಾಗಿಲ ಹಿಡಿಕೆಯನ್ನು ಜ್ಞಾಪಕ ಮಾಡಿಕೊಳ್ಳಿ. ಚೀಟಿ ಅಂಟಿಸಬೇಡಿ. ಹಿಡಿಕೆಯ ಮೇಲೆ ಕೈ ಇಟ್ಟಾಗ, ತಳ್ಳುವ ಮುಂಚೆ, ಒಂದು ಉಸಿರು ಒಳಗೆ, ಒಂದು ಹೊರಗೆ. ಆ ಉಸಿರಿನಲ್ಲಿ ಅವರ ಹೆಸರು. 'ಅತ್ತೆ' ಅಂತಲ್ಲ, ಅವರ ತಾಯಿ ಇಟ್ಟು ಕರೆದ ಹೆಸರು. ಆಮೇಲೆ ಒಳಗೆ ಹೋಗಿ. ನನ್ನ ಬಳಿ ಬರುವ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಅನೇಕರಿಗೆ ಇದನ್ನು ಹೇಳಿದ್ದೇನೆ. ಒಬ್ಬರು ಮೊದಲ ವಾರ ಬಂದು, "ಏನೂ ಬದಲಾಗಿಲ್ಲ, ಆದರೆ ಬಾಗಿಲು ಧಡಾರ್ ಅಂತ ತೆರೆಯುತ್ತಿದ್ದೆ ಅಂತ ಈಗ ಗೊತ್ತಾಯಿತು" ಅಂದರು. ಹಾಸಿಗೆಯಲ್ಲಿ ಮಲಗಿದವರಿಗೆ ನಮ್ಮ ಸಿಟ್ಟು ಮೊದಲು ತಲುಪುವುದು ಬಾಗಿಲಿನ ಸದ್ದಿನಲ್ಲಿ.

ರೇಗಿದ ದಿನ ಏನು ಮಾಡುವುದು? ನೀವು ಅಳುತ್ತೀರಿ, ಬಹುಶಃ ಅಡುಗೆಮನೆಯಲ್ಲಿ, ಒಬ್ಬರೇ. ಆ ಅಳು ದೇವರಿಗೆ ತಲುಪುತ್ತದೆ, ಅತ್ತೆಗೆ ತಲುಪುವುದಿಲ್ಲ. ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ ಎಂಬ ಎಫೆಸದವರ ಪತ್ರಿಕೆಯ ಮಾತನ್ನು ಅಕ್ಷರಶಃ ಮಾಡಿ: ದೀಪ ಆರಿಸುವ ಮುಂಚೆ ಹೋಗಿ, "ಬೆಳಿಗ್ಗೆ ರೇಗಿಬಿಟ್ಟೆ, ತಪ್ಪಾಯಿತು" ಅನ್ನಿ. "ಆದರೆ ನೀವೂ..." ಎಂಬ ಬಾಲ ಬೇಡ. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಹೋಗಿ ಮೊದಲು ಸಹೋದರನ ಸಂಗಡ ಒಂದಾಗು ಎಂದು ಸ್ವಾಮಿ ಹೇಳಿದಾಗ, ಪ್ರಾರ್ಥನೆಗಿಂತ ಮುಂಚೆ ಮಾಡಬೇಕಾದ ಕೆಲಸ ಒಂದಿದೆ ಎಂಬುದನ್ನೂ ಹೇಳಿದರು. ನಿಮ್ಮ ರಾತ್ರಿ 9ರ ಅಲಾರಂ ಉಳಿಯುವುದಾದರೆ ಅದು ಇದಕ್ಕಾಗಿ ಉಳಿಯಲಿ.

ಇಷ್ಟು ಹೇಳಿದ ಮೇಲೆ ನಿಮ್ಮ ಪರವಾಗಿಯೂ ಒಂದು ಮಾತು. ನಿಮ್ಮ ಪತ್ರದಲ್ಲಿ ಈ ಆರೈಕೆಯನ್ನು ಹಂಚಿಕೊಳ್ಳುವವರ ಹೆಸರೇ ಇಲ್ಲ. ಗಂಡನೂ ಕಾಣುವುದಿಲ್ಲ, ಸಭೆಯೂ ಕಾಣುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಾ ಕೂತಿದ್ದ ಮೋಶೆಯನ್ನು ನೋಡಿ ಅವನ ಮಾವ ಇತ್ರೋ ಹೇಳಿದ್ದು, ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಬಳಲಿಹೋಗುತ್ತೀ, ನಿನ್ನ ಜೊತೆಗಿರುವ ಜನರೂ ಬಳಲಿಹೋಗುತ್ತಾರೆ. ಪ್ರಾರ್ಥನೆ ಸಾಲದು ಅಂತ ಅವನೇನೂ ಹೇಳಲಿಲ್ಲ. ಜನ ಸಾಲದು ಅಂದ. ನಿಮ್ಮ ರೇಗಾಟದಲ್ಲಿ ಅರ್ಧ ಪಾಲು ದಣಿವು ಅಂತ ನನಗೆ ಕಾಣುತ್ತದೆ. ಅದಕ್ಕೆ ಪಶ್ಚಾತ್ತಾಪ ಔಷಧವಲ್ಲ. ಆ ವಾಟ್ಸ್ಆ್ಯಪ್ ಗುಂಪಿನಲ್ಲಿ ವಚನದ ಬದಲು ನೀವೇ ಒಂದು ಸಾಲು ಹಾಕಿ: "ಶನಿವಾರ ಎರಡು ಗಂಟೆ ಅತ್ತೆಯ ಹತ್ತಿರ ಕೂರಲು ಒಬ್ಬರು ಬೇಕು." ಇದನ್ನು ಬರೆಯಲು ನಿಮಗೆ ನಾಚಿಕೆಯಾಗುತ್ತದೆ, ಗೊತ್ತು. ಅಮಾಲೇಕ್ಯರ ಯುದ್ಧದಲ್ಲಿ ಮೋಶೆಯ ಕೈ ಸೋತಾಗ ಇಬ್ಬರು ಎರಡು ಕಡೆ ನಿಂತು ಹಿಡಿದರು. ಎತ್ತಿದ ಕೈಗಳು ಪ್ರಾರ್ಥನೆಯಾದರೆ, ಹಿಡಿದ ಕೈಗಳಿಗೂ ಅದರಲ್ಲಿ ಪಾಲಿದೆ.

ದೇಹಕ್ಕೆ ಬರೋಣ. ದೇಹ ಪವಿತ್ರಾತ್ಮನ ಆಲಯ ಎಂಬ ವಚನವನ್ನು ವ್ಯಾಯಾಮದ ಚಿತ್ರದ ಮೇಲೆ ಹಾಕುವುದು ಈಗ ರೂಢಿ. ಕೊರಿಂಥದವರಿಗೆ ಪೌಲ ಅದನ್ನು ಬರೆದಾಗ ಮಾತು ವ್ಯಭಿಚಾರದ ಬಗ್ಗೆ ನಡೆದಿತ್ತು, ತೂಕದ ಬಗ್ಗೆ ಅಲ್ಲ. ಆದರೂ ತತ್ವ ದೊಡ್ಡದು, ದೇಹ ನಮ್ಮ ಸ್ವಂತದ್ದಲ್ಲ, ಕ್ರಯಕ್ಕೆ ಕೊಂಡದ್ದು. ನಾನು ಈ ವಿಷಯಕ್ಕೆ ಪ್ರವಾದಿ ಎಲೀಯನ ಕಥೆಯನ್ನು ಹೆಚ್ಚು ಇಷ್ಟಪಡುತ್ತೇನೆ. ಅವನು ಜಾಲಿಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಎಂದ. ದೇವದೂತ ಬಂದ. ಉಪದೇಶವಿಲ್ಲ, ಗದರಿಕೆಯಿಲ್ಲ. ಎಬ್ಬಿಸಿ, ತಿನ್ನು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೆಯ ಸಲ ಎಬ್ಬಿಸಿ ಮತ್ತೆ ಊಟ. ಮೆಲ್ಲನೆಯ ದೇವರ ಸ್ವರ ಕೇಳಿದ್ದು ಆ ಮೇಲೆ, ನಲವತ್ತು ದಿನ ನಡೆದ ಮೇಲೆ. ನಿದ್ದೆ, ಊಟ, ನೀರು, ನಡಿಗೆ, ಆಮೇಲೆ ದರ್ಶನ. ಈ ಕ್ರಮವನ್ನು ನಾವು ತಿರುವುಮುರುವು ಮಾಡಿಕೊಂಡಿದ್ದೇವೆ.

ನಿದ್ದೆಯಿಂದಲೇ ಶುರುಮಾಡಿ. 12:30ಕ್ಕೆ ಮಲಗಿ 5:30ಕ್ಕೆ ಏಳುವುದೆಂದರೆ ಐದೇ ಗಂಟೆ. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕು. ನಿದ್ದೆಗೆಟ್ಟವರಿಗೆ ಸಿಟ್ಟು ಬೇಗ ಬರುತ್ತದೆ, ಹಸಿವು ಹೆಚ್ಚುತ್ತದೆ, ಸಕ್ಕರೆಯ ಅಂಶ ಹತೋಟಿ ತಪ್ಪುತ್ತದೆ. ನಿಮ್ಮ ಮೂರು ದೂರುಗಳಿಗೂ ಇಲ್ಲಿ ಒಂದೊಂದು ಬೇರಿದೆ. ಮಧ್ಯರಾತ್ರಿಯವರೆಗೆ ಪ್ರಸಂಗ ಕೇಳುವುದು ಭಕ್ತಿಯ ವೇಷದಲ್ಲಿರುವ ನಿದ್ದೆಗೇಡು, ಬೇಜಾರು ಮಾಡಿಕೊಳ್ಳಬೇಡಿ. 1529ರ ತನ್ನ ಕಿರು ಧರ್ಮಬೋಧೆಯಲ್ಲಿ ಲೂಥರ್ ರಾತ್ರಿಯ ಪ್ರಾರ್ಥನೆ ಕೊಟ್ಟು ಕೊನೆಗೆ ಒಂದು ಸೂಚನೆ ಸೇರಿಸಿದ: ಆಮೇಲೆ ತಕ್ಷಣ ನೆಮ್ಮದಿಯಾಗಿ ನಿದ್ದೆ ಮಾಡು. ತಕ್ಷಣ ಎಂಬ ಪದ ಗಮನಿಸಿ. ಬಿರುಗಾಳಿಯಲ್ಲಿ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಕೊಟ್ಟು ಮಲಗಿದ್ದ ಯೇಸುವನ್ನೂ ನೆನೆಯಿರಿ. ಫೋನು ರಾತ್ರಿ ಮಲಗುವ ಕೋಣೆಯ ಹೊರಗಿರಲಿ. ಅತ್ತೆಗೆ ರಾತ್ರಿ ನಿಮ್ಮನ್ನು ಕರೆಯಲು ಒಂದು ಚಿಕ್ಕ ಗಂಟೆ ಕೊಡಿ. ಅವರು ಎಬ್ಬಿಸಿದ ರಾತ್ರಿ ಬೆಳಗಿನ 5:30 ಬೇಡ. ಎದ್ದಾಗಲೇ ಬೆಳಗಿನ ಪ್ರಾರ್ಥನೆ.

ನಡಿಗೆಗೆ ಬೇರೆ ಸಮಯ ಹುಡುಕಬೇಡಿ, ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ಮೂರು ಊಟದ ಬಳಿಕ ಹತ್ತು ಹತ್ತು ನಿಮಿಷ, ಬಿರುಸಾಗಿ, ವಾರಕ್ಕೆ ಐದು ದಿನ ಅಂದರೆ 150 ಆಯಿತು. ಶುಗರ್ ಗಡಿಯಲ್ಲಿರುವವರಿಗೆ ಇದು ಬರೀ ಮಾತಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ವಾರಕ್ಕೆ 150 ನಿಮಿಷದ ಶ್ರಮ ಮತ್ತು ಶೇಕಡ 7ರಷ್ಟು ತೂಕ ಇಳಿಸುವ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹಕ್ಕೆ ತಿರುಗುವ ಪ್ರಮಾಣ ಶೇಕಡ 58ರಷ್ಟು ತಗ್ಗಿತ್ತು. ಮಧ್ಯಾಹ್ನದ ಹತ್ತು ನಿಮಿಷವನ್ನು ನಿಮ್ಮ 12ರ ಪ್ರಾರ್ಥನೆಗೆ ಕೊಟ್ಟುಬಿಡಿ. ಹೆಜ್ಜೆಗೊಂದು ಹೆಸರು: ಮಗ, ಅಕ್ಕಪಕ್ಕದವರು, ಆಸ್ಪತ್ರೆಯಲ್ಲಿರುವ ಗೆಳತಿ. ಮೊಣಕಾಲೂರಿದರೆ ಮಾತ್ರ ಪ್ರಾರ್ಥನೆ ಎಂದು ಎಲ್ಲೂ ಇಲ್ಲ.

ಉಪವಾಸದ ಬಗ್ಗೆ ಚಿಕ್ಕದಾಗಿ. ರಾತ್ರಿ ಎರಡರಷ್ಟು ತಿಂದರೆ ಅದು ಉಪವಾಸವಲ್ಲ, ಊಟವನ್ನು ಮುಂದೂಡಿದ್ದು. ಶುಗರಿನ ಮಾತ್ರೆ ಶುರುವಾಗಿದ್ದರೆ ಡಾಕ್ಟರನ್ನು ಕೇಳದೆ ಊಟ ಬಿಡಲೇಬೇಡಿ, ಸಕ್ಕರೆ ಏಕಾಏಕಿ ಕುಸಿಯಬಹುದು. ಈ ಮೂರು ತಿಂಗಳು ಶುಕ್ರವಾರದ ಉಪವಾಸ ಫೋನಿನದ್ದಾಗಲಿ. ದೇಹವನ್ನು 'ಸೋದರ ಕತ್ತೆ' ಎಂದು ಕರೆದು ಜೀವನವಿಡೀ ದಂಡಿಸಿದ ಅಸ್ಸೀಸಿಯ ಫ್ರಾನ್ಸಿಸ್ ಕೊನೆಗಾಲದಲ್ಲಿ ಆ ಕತ್ತೆಯ ಕ್ಷಮೆ ಕೇಳಿದನಂತೆ. ನೀವು ಅಷ್ಟು ಕಾಯಬೇಕಿಲ್ಲ.

ಇನ್ನೊಂದನ್ನು ಕೇಳಿಯೇ ಬಿಡುತ್ತೇನೆ. ಆ ಅಳು ದಿನದ ಹೆಚ್ಚಿನ ಹೊತ್ತು ಇದೆಯೇ? ಎರಡು ವಾರಕ್ಕೂ ಮೇಲಾಗಿ ಯಾವುದರಲ್ಲೂ ಮನಸ್ಸಿಲ್ಲ, ಬದುಕು ಸಾಕು ಅನ್ನಿಸುತ್ತಿದೆಯೇ? ಹಾಗಿದ್ದರೆ ಈ ಪತ್ರವನ್ನು ಪಕ್ಕಕ್ಕಿಟ್ಟು ಮೊದಲು ಡಾಕ್ಟರರನ್ನು ಕಾಣಿ. ಖಿನ್ನತೆಗೆ ಚಿಕಿತ್ಸೆ ಪಡೆಯುವುದು ಅವಿಶ್ವಾಸವಲ್ಲ. ತಿಮೊಥೆಯನ ಹೊಟ್ಟೆನೋವಿಗೆ ಪೌಲ ಬರೀ ಪ್ರಾರ್ಥನೆ ಹೇಳಿ ಕಳಿಸಲಿಲ್ಲ, ಆ ಕಾಲದ ಔಷಧವಾದ ತುಸು ದ್ರಾಕ್ಷಾರಸವನ್ನೂ ಹೇಳಿದ.

ಹನ್ನೊಂದರಲ್ಲಿ ಯಾವುದು ಉಳಿಯಬೇಕು ಅಂತ ಕೇಳಿದರೆ, ನನ್ನ ಲೆಕ್ಕ ಇದು. ದಿನದ ವಚನ, ಓದಲಿಕ್ಕೆ. ರಾತ್ರಿ 9ರ ಅಲಾರಂ, ಕ್ಷಮೆ ಕೇಳಿ ಫೋನನ್ನು ಹೊರಗಿಡಲಿಕ್ಕೆ. ಮೂರನೆಯದು ಹೊಸದು, ಆ ಬಾಗಿಲ ಹಿಡಿಕೆ. ನಡಿಗೆ ಊಟಕ್ಕೆ ಗಂಟುಬಿದ್ದ ಮೇಲೆ ಗಡಿಯಾರ ತಾನಾಗಿ ಸುಮ್ಮನಾಗುತ್ತದೆ. ಫ್ರಿಜ್ಜಿನ ಚೀಟಿ ಕಿತ್ತು ಅತ್ತೆಗೆ ಕೊಟ್ಟು ಓದಲು ಹೇಳಿ, ಕಣ್ಣು ಮಂಜಾಗಿದ್ದರೆ ನೀವೇ ಓದಿ. ಅವರಿಗೆ ಬಾಯಿಪಾಠ ಬರುವ ಒಂದು ಕೀರ್ತನೆ ಇದ್ದೇ ಇರುತ್ತದೆ, ಯಾವುದು ಅಂತ ಕೇಳಿ. ಎರಡು ತಿಂಗಳು ಬಿಟ್ಟು ನನಗೆ ಬರೆಯಿರಿ. ಎಷ್ಟು ದಿನ ತಪ್ಪಿತು ಅಂತ ಲೆಕ್ಕ ಕೊಡಬೇಡಿ, ಅತ್ತೆ ಯಾವ ಕೀರ್ತನೆ ಹೇಳಿದರು ಅಂತ ಬರೆಯಿರಿ.